ಸೊಂಟದ ಮೂಳೆ ಕೂಡಿದ ಮೇಲೆ

ಸೊಂಟದ ಮೂಳೆ ಮುರಿದವರನ್ನು ನೋಡಲು ಬರುವ ಬಂಧುಬಳಗದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಮೂಳೆ ಕೂಡಿತೆ?" ಕ್ಷ-ಕಿರಣ ಚಿತ್ರದಲ್ಲಿ ಮೂಳೆ ಕೂಡಿರುವುದು ಕಂಡುಬಂದರೆ ಮನೆಯವರಿಗೆ ನೆಮ್ಮದಿಯಾಗುವುದು, ಆಸ್ಪತ್ರೆಗೆ ಹೋಗಿಬರುವುದೂ ಅಲ್ಲಿಗೆ ನಿಂತುಹೋಗುವುದು. ಮೂಳೆ ಕೂಡಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಸಾಕು. ಆದರೆ ಆ ಸೊಂಟದ ಆಧಾರದ ಮೇಲೆ ಸಂಸಾರವು ಮತ್ತೆ ಎದ್ದು ನಿಲ್ಲಲು ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಬೇಕಾಗುವುದುಂಟು. ನೆಲದ ಮೇಲೆ ಕುಳಿತು ಉಣ್ಣುವುದು, ಶೌಚಕ್ಕೆ ಹೋಗುವುದು, ಹಸುವಿನ ಹಾಲು ಕರೆಯುವುದು, ಹೊಲದಲ್ಲಿ ಕಳೆ ಕೀಳುವುದು, ಸತಿಪತಿಗಳ ಕೂಡುಬಾಳು, ಹೆರಿಗೆ ಇವೆಲ್ಲವೂ ಸೊಂಟವನ್ನೇ ಆಶ್ರಯಿಸಿವೆ. ಇವುಗಳ ವಿಷಯವಾಗಿ ವೈದ್ಯರನ್ನು ಕೇಳಲು ನಾಚಿ, ವರ್ಷಗಟ್ಟಲೆ ಮೌನವಾಗಿ ನೋವುಣ್ಣುವ ದಂಪತಿಗಳು ಅನೇಕರು. ಅಂತಹವರು ಗಂಡಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಸೊಂಟದ ರಚನೆ

ನಮ್ಮ ಸೊಂಟದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವಸ್ತಿಕುಹರವೆಂಬ ಮೂಳೆಯ ಬಳೆ. ಎಡಬಲದ ಎರಡು ಅಗಲ ಮೂಳೆಗಳೂ ಹಿಂದೆ ಬೆನ್ನುಮೂಳೆಯ ತುದಿಯಲ್ಲಿರುವ ತ್ರಿಕಾಸ್ಥಿಯೂ ಸೇರಿ ಈ ಬಳೆ ಆಗಿದೆ. ಇದರೊಳಗೆ ಮೂತ್ರಕೋಶ, ಮಲಕೋಶ, ಸ್ತ್ರೀಯರಲ್ಲಿ ಗರ್ಭಕೋಶ, ದೊಡ್ಡ ರಕ್ತನಾಳಗಳು ಹಾಗೂ ಕಾಲಿಗೆ ಹೋಗುವ ನರಗಳು ಅಡಕವಾಗಿವೆ. ಎರಡನೆಯದು ಸೊಂಟದ ಕೀಲು. ಒರಳಿನಲ್ಲಿ ಗುಂಡುಕಲ್ಲು ತಿರುಗುವಂತೆ, ವಸ್ತಿಕುಹರದ ಪಕ್ಕದಲ್ಲಿರುವ ಕುಳಿಯಲ್ಲಿ ತೊಡೆಮೂಳೆಯ ಗುಂಡು ತಿರುಗುತ್ತದೆ.

ಗಾಜಿನ ಬಳೆ ಒಂದೇ ಕಡೆ ಮುರಿಯುವುದು ಅಪರೂಪ; ಒಂದು ಕಡೆ ಒಡೆದರೆ ಇನ್ನೊಂದು ಕಡೆಯೂ ಬಿರುಕು ಬಿಡುವುದು. ವಸ್ತಿಕುಹರವೂ ಹಾಗೆಯೇ. ಆದಕಾರಣ ಈ ಮುರಿತದಲ್ಲಿ ಮೂಳೆಗಿಂತ ಮೂಳೆಯ ಒಳಗಿರುವ ಅಂಗಗಳಿಗೆ ಆಗುವ ಪೆಟ್ಟು ಹೆಚ್ಚು ಅಪಾಯಕರ. ಹೊರಗೆ ಒಂದು ತೊಟ್ಟು ರಕ್ತ ಕಾಣದಿದ್ದರೂ ಒಳಗೆ ಲೀಟರುಗಟ್ಟಲೆ ರಕ್ತ ಸೋರಿಹೋಗಬಹುದು. ಒರಳಿನಂತಿರುವ ಕುಳಿಯೇ ಒಡೆದಿದ್ದರೆ ಅಪಾಯವು ಬೇರೆ ರೀತಿಯದು. ಒರಳಿನ ಒಳಮೈ ನುಣುಪಾಗಿಲ್ಲದಿದ್ದರೆ ರುಬ್ಬುವ ಕಲ್ಲು ಹೇಗೆ ತಡೆದು ತಡೆದು ತಿರುಗುವುದೋ, ಹಾಗೆಯೇ ಕುಳಿಯ ಮೂಳೆಗಳು ಸರಿಯಾಗಿ ಜೋಡಣೆಯಾಗದಿದ್ದರೆ ಕೀಲು ಕೆಲವೇ ವರ್ಷಗಳಲ್ಲಿ ಸವೆದುಹೋಗುವುದು.

ಹಳೆಯ ಮದರಾಸು ರಸ್ತೆ

ಬೆಂಗಳೂರಿನ ದಂಡು ಪ್ರದೇಶದಿಂದ ಪೂರ್ವಕ್ಕೆ ಹೊರಟ ಹಳೆಯ ಮದರಾಸು ರಸ್ತೆಯು ಹಲಸೂರನ್ನು ದಾಟಿ, ಇಂದಿರಾನಗರದ ಅಂಚಿನಲ್ಲಿ ಸಾಗಿ, ಕೃಷ್ಣರಾಜಪುರದ ಮೂಲಕ ಹೊಸಕೋಟೆ, ಕೋಲಾರಗಳ ಕಡೆಗೆ ಹೋಗುತ್ತದೆ. ಸೊಪ್ಪು, ತರಕಾರಿ, ಹೂವು, ಹಾಲು ಹಾಗೂ ಕೂಲಿಯಾಳುಗಳು ಪ್ರತಿ ಮುಂಜಾನೆ ಈ ದಾರಿಯಿಂದಲೇ ನಗರವನ್ನು ಸೇರುತ್ತಾರೆ. ಸರಕು ಹೇರಿದ ಲಾರಿಗಳೂ, ಗಂಡಹೆಂಡತಿ ಮಕ್ಕಳೊಡನೆ ಸಾಗುವ ದ್ವಿಚಕ್ರ ವಾಹನಗಳೂ ಒಂದೇ ರಸ್ತೆಯಲ್ಲಿ ಓಡುತ್ತವೆ. ಇಕ್ಕೆಲಗಳಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿದ್ದು, ಸಾರುವೆಯ ಮೇಲಿನಿಂದ ಕೂಲಿಕಾರರು ಬೀಳುವುದೂ ಉಂಟು. ಯುವಕರ ಮತ್ತು ನಡುವಯಸ್ಕರ ಸೊಂಟ ಮುರಿಯುವುದು ಹೆಚ್ಚಾಗಿ ಈ ಎರಡು ಕಾರಣಗಳಿಂದ. ವೃದ್ಧರ ಸೊಂಟ ಮುರಿಯಲು ಲಾರಿ ಬೇಕಿಲ್ಲ; ಬಚ್ಚಲ ಮನೆಯ ಪಾಚಿ ಸಾಕು.

ಇಂತಹ ಅಪಘಾತ ನಿಮ್ಮ ಕಣ್ಣೆದುರಿಗೆ ನಡೆದರೆ ಗಾಯಗೊಂಡವರನ್ನು ಎಬ್ಬಿಸಿ ಕೂರಿಸಬಾರದು, ನಡೆಸಬಾರದು. ದ್ವಿಚಕ್ರ ವಾಹನದಲ್ಲಿ ನಡುವೆ ಕೂರಿಸಿಕೊಂಡು ಹೋಗುವುದಂತೂ ಕೂಡದು. ಮಲಗಿದಂತೆಯೇ ಇರಿಸಿ, ಎರಡು ಮೊಣಕಾಲುಗಳನ್ನು ಸೇರಿಸಿ ಬಟ್ಟೆಯಿಂದ ಕಟ್ಟಿರಿ. ಒಂದು ಪಂಚೆಯನ್ನಾಗಲಿ ಸೀರೆಯನ್ನಾಗಲಿ ಅಗಲವಾಗಿ ಮಡಿಸಿ ಸೊಂಟದ ಸುತ್ತ ಬಿಗಿಯಾಗಿ ಸುತ್ತಿರಿ. ಉಡಿದಾರ ಕಟ್ಟುವ ಜಾಗದಲ್ಲಿ ಸುತ್ತಿದರೆ ಪ್ರಯೋಜನವಿಲ್ಲ. ಅದಕ್ಕಿಂತ ಕೆಳಗೆ, ತೊಡೆಗಳ ಮೇಲ್ತುದಿಯ ಹೊರಮಗ್ಗುಲಲ್ಲಿ ಮೂಳೆ ಕೈಗೆ ಸಿಕ್ಕುವ ಮಟ್ಟದಲ್ಲಿ ಸುತ್ತಬೇಕು. ಇದರಿಂದ ಒಡೆದ ಬಳೆ ಹತ್ತಿರಕ್ಕೆ ಬಂದು ಒಳರಕ್ತಸ್ರಾವ ಕಡಿಮೆಯಾಗುವುದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ನೀರು, ಕಾಫಿ ಏನನ್ನೂ ಕುಡಿಸಬೇಡಿರಿ. ನಮ್ಮ ರಾಜ್ಯದಲ್ಲಿ 2008ರಿಂದ ಸೇವೆಯಲ್ಲಿರುವ 108 ವಾಹನವನ್ನು ಕರೆಯಿರಿ. ನೆರವು ನೀಡಿದವರನ್ನು ಪೊಲೀಸರು ಹೆಸರು ಹೇಳಲು ಒತ್ತಾಯಿಸುವಂತಿಲ್ಲವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯಡಿಯ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಆದುದರಿಂದ ಸಾಕ್ಷಿ ಹೇಳಬೇಕಾದೀತೆಂಬ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ.

ಪೂರ್ವ ದಿಕ್ಕಿನ ಹಳ್ಳಿಗಳವರಿಗೆ ಬಹುಕಾಲದಿಂದ ಪರಿಚಿತವಾದ ದೊಡ್ಡ ಸರ್ಕಾರಿ ಆಸ್ಪತ್ರೆಯೆಂದರೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ. ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗ್ ಅವರ ಹೆಸರಿನಲ್ಲಿ 1868ರಲ್ಲಿ ದಂಡಿನ ನಾಗರಿಕರಿಗಾಗಿ ಆರಂಭವಾದ ಈ ಆಸ್ಪತ್ರೆಗೆ ಇಂದು ವೈದ್ಯಕೀಯ ಕಾಲೇಜೂ ಸೇರಿದೆ. ಕೃಷ್ಣರಾಜಪುರದಲ್ಲಿಯೂ ಸಿ. ವಿ. ರಾಮನ್ ನಗರದಲ್ಲಿಯೂ ಸಾರ್ವಜನಿಕ ಆಸ್ಪತ್ರೆಗಳಿವೆ. ಕಾರ್ಖಾನೆಯ ಕೆಲಸಗಾರರಿಗೂ ಅವರ ಕುಟುಂಬದವರಿಗೂ ಇಂದಿರಾನಗರದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಕೋಲಾರ, ಚಿಂತಾಮಣಿ, ಮಾಲೂರುಗಳ ಕಡೆಯವರಿಗೆ ಪುತ್ತೂರು ಕಟ್ಟಿನ ಮೇಲೆ ಬಹಳ ನಂಬಿಕೆ. ಮುಂಗೈಯ ಸಣ್ಣ ಬಿರುಕು ಕಟ್ಟಿನಿಂದ ಕೂಡಿಕೊಂಡ ಉದಾಹರಣೆಯನ್ನು ಪ್ರತಿ ಹಳ್ಳಿಯಲ್ಲಿಯೂ ಹೇಳುವರು. ಆದರೆ ಸೊಂಟಕ್ಕೆ ಹೊರಗಿನಿಂದ ದಬ್ಬೆ ಕಟ್ಟಲು ಬರುವುದಿಲ್ಲ. ಒಳಗೆ ಹರಿದ ರಕ್ತನಾಳವನ್ನೂ ಮೂತ್ರನಾಳವನ್ನೂ ಎಣ್ಣೆ, ಪಟ್ಟು ಮುಟ್ಟಲಾರವು. ಸೊಂಟದ ಕೀಲಿನ ಕುಳಿ ಒಡೆದಿದ್ದಲ್ಲಿ ಅದನ್ನು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಮೊದಲ ಎರಡು ವಾರಗಳೊಳಗೆ ಮಾಡುವುದು ಮೇಲು. ಮೂರು ವಾರ ಕಟ್ಟು ಕಟ್ಟಿಸಿಕೊಂಡು ಬಂದವರಿಗೆ ಅದೇ ಫಲವನ್ನು ತಂದುಕೊಡುವುದು ನುರಿತ ವೈದ್ಯರಿಗೂ ಕಷ್ಟ.

ಮೊದಲ ಮೂರು ತಿಂಗಳು

ಚಿಕಿತ್ಸೆ ಹೇಗಿರಬೇಕೆಂಬುದು ಮುರಿತದ ಸ್ವರೂಪವನ್ನು ಅವಲಂಬಿಸಿದೆ. ಮೂಳೆಗಳು ಸರಿಯದೆ ಇದ್ದಲ್ಲಿ ವಿಶ್ರಾಂತಿಯಿಂದಲೇ ಕೂಡುವುವು. ಸರಿದಿದ್ದರೆ ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಜೋಡಿಸುವರು. ಅನಂತರ 6ರಿಂದ 12 ವಾರಗಳವರೆಗೆ ಆ ಕಾಲಿನ ಮೇಲೆ ಭಾರ ಹಾಕಬಾರದೆಂದು ವೈದ್ಯರು ಹೇಳುವುದು ವಾಡಿಕೆ. ಭಾರ ಹಾಕಬಾರದೆಂದರೆ ಅಲುಗಾಡದೆ ಮಲಗಿರಬೇಕೆಂದು ಅರ್ಥವಲ್ಲ. ಹಾಗೆ ಮಲಗಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗಬಹುದು, ಶ್ವಾಸಕೋಶದಲ್ಲಿ ಕಫ ಕಟ್ಟಬಹುದು. ಪಾದಗಳನ್ನು ಗಂಟೆಗೊಮ್ಮೆಯಾದರೂ ಮೇಲಕ್ಕೂ ಕೆಳಕ್ಕೂ ಆಡಿಸುವುದು, ದೀರ್ಘವಾಗಿ ಉಸಿರೆಳೆದು ಬಿಡುವುದು, ವೈದ್ಯರು ತೋರಿಸಿದ ರೀತಿಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವಶ್ಯಕ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಎಣ್ಣೆ ಹಚ್ಚಿ ತಿಕ್ಕಬೇಡಿರಿ. ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಇದ್ದಕ್ಕಿದ್ದಂತೆ ಉಸಿರುಕಟ್ಟಿದರೆ ಅಥವಾ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ.

ರಕ್ತ ಹೆಪ್ಪುಗಟ್ಟುವ ಈ ವಿಷಯಕ್ಕೂ ಕುಟುಂಬ ಯೋಜನೆಗೂ ನೇರ ಸಂಬಂಧವಿದೆ. ಇದು ಬಹುಮಂದಿಗೆ ತಿಳಿದಿಲ್ಲ. ಗಾಯಗೊಂಡ ಮಹಿಳೆಯು ಮಾಲಾ-ಎನ್ ಮೊದಲಾದ ನುಂಗುವ ಗರ್ಭನಿರೋಧಕ ಗುಳಿಗೆಗಳನ್ನು ಸೇವಿಸುತ್ತಿದ್ದರೆ ಆಸ್ಪತ್ರೆಗೆ ಸೇರಿದ ದಿನವೇ ವೈದ್ಯರಿಗೆ ತಿಳಿಸಬೇಕು. ಇವುಗಳಲ್ಲಿರುವ ಈಸ್ಟ್ರೋಜೆನ್ ಎಂಬ ಅಂಶವು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುವುದು. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಿರುವ ಕಾಲದಲ್ಲಿ ಇವನ್ನು ಸೇವಿಸಬಾರದು. ಮೊದಲೇ ವಂಕಿ ಧರಿಸಿದ್ದರೆ ಅದನ್ನು ತೆಗೆಸಬೇಕಾಗಿಲ್ಲ.

ಮನೆಗೆ ಬಂದ ಮೇಲೆ ಎದುರಾಗುವ ಮೊದಲನೆಯ ಕಷ್ಟ ಶೌಚಗೃಹ. ನಮ್ಮ ಹಳ್ಳಿಗಳ ಶೌಚಗೃಹಗಳಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕು. ಮುರಿದ ಸೊಂಟಕ್ಕೆ ಇದಕ್ಕಿಂತ ಕಷ್ಟದ ಭಂಗಿ ಇನ್ನೊಂದಿಲ್ಲ. ಅಂಗಡಿಗಳಲ್ಲಿ ಕಮೋಡ್ ಕುರ್ಚಿ ದೊರೆಯುವುದು. ಅದು ಕೈಗೆಟುಕದಿದ್ದರೆ ಊರಿನ ಬಡಗಿಯಿಂದ ಗಟ್ಟಿಯಾದ ಮರದ ಕುರ್ಚಿಯೊಂದರ ನಡುವೆ ತೂತು ಮಾಡಿಸಿ ಗುಂಡಿಯ ಮೇಲೆ ಇಡಬಹುದು. ಹಿಡಿದು ಏಳಲು ಗೋಡೆಗೆ ಒಂದು ಕಬ್ಬಿಣದ ಕೊಳವೆಯನ್ನು ಭದ್ರವಾಗಿ ಕೂಡಿಸಿರಿ. ಕೆಲವು ಮಹಿಳೆಯರು ಶೌಚಕ್ಕೆ ಇತರರ ಸಹಾಯ ಕೇಳಲು ನಾಚಿ ಊಟವನ್ನೂ ನೀರನ್ನೂ ಕಡಿಮೆ ಮಾಡಿಬಿಡುತ್ತಾರೆ. ಅದರಿಂದ ಮಲಬದ್ಧತೆಯಾಗಿ, ಮೂತ್ರದ ಸೋಂಕು ತಗುಲಿ, ಮೂಳೆಯೂ ಬೇಗ ಕೂಡದೆ ನರಳುವಂತಾಗುವುದು. ಪತಿಯಾದವನು ಇದನ್ನು ಗಮನಿಸಬೇಕು.

ಆಹಾರದ ವಿಷಯದಲ್ಲಿ ದೂರ ಹುಡುಕಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿ, ಗೋಧಿಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ದೊರೆಯುವುದು. ಮುದ್ದೆ, ಸೊಪ್ಪಿನ ಸಾರು, ಹಾಲು, ಮೊಸರು, ಕಾಳುಗಳು, ಸಾಧ್ಯವಿದ್ದವರಿಗೆ ಮೊಟ್ಟೆ ಇಷ್ಟು ಸಾಕು. ದಿನವೂ ಕೆಲಹೊತ್ತು ಮೈಗೆ ಬಿಸಿಲು ತಾಗಲಿ. ಬೀಡಿ, ಸಿಗರೇಟುಗಳು ಮೂಳೆ ಕೂಡುವುದನ್ನು ತಡಮಾಡುವುವು.

ಸತಿಪತಿಗಳ ಬಾಳು

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ವೈದ್ಯರು ಔಷಧ, ವ್ಯಾಯಾಮ, ಮತ್ತೆ ಬರಬೇಕಾದ ದಿನ ಎಲ್ಲವನ್ನೂ ಬರೆದುಕೊಡುವರು. ದಾಂಪತ್ಯದ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹೊರರೋಗಿಗಳ ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇಳಿಸೀತೆಂದು ದಂಪತಿಗಳೂ ಕೇಳುವುದಿಲ್ಲ. ವೈದ್ಯರು ನಿಮ್ಮ ಮುಖ ನೋಡಿ ಊಹಿಸಲಾರರು. ನೀವಾಗಿಯೇ, "ಬೇರೆಯಾಗಿ ಒಂದು ಮಾತು ಕೇಳಬೇಕು" ಎಂದು ಹೇಳಿರಿ.

ಲೈಂಗಿಕ ಸಂಬಂಧವನ್ನು ಯಾವಾಗ ಪುನರಾರಂಭಿಸಬಹುದೆಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ದಿನವಿಲ್ಲ. ಗಾಯ ಪೂರ್ತಿ ಮಾಗಿ, ಮೂಳೆ ಕೂಡುತ್ತಿರುವುದು ಕ್ಷ-ಕಿರಣ ಚಿತ್ರದಲ್ಲಿ ಕಂಡು, ಕಾಲಿನ ಮೇಲೆ ಭಾರ ಹಾಕಲು ವೈದ್ಯರು ಅನುಮತಿ ಕೊಟ್ಟ ಮೇಲೆ ಎಂಬುದು ಸ್ಥೂಲವಾದ ನಿಯಮ. ಅನೇಕರಿಗೆ ಇದು ಮೂರು ತಿಂಗಳ ಸುಮಾರಿಗೆ ಬರುವುದು. ಗಾಯಗೊಂಡವರ ಸೊಂಟದ ಮೇಲೆ ಭಾರ ಬೀಳಬಾರದು. ತೊಡೆಗಳನ್ನು ಬಹಳ ಅಗಲಿಸಬಾರದು. ಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟುಕೊಂಡರೆ ನೋವು ಕಡಿಮೆ. ನೋವಾದರೆ ನಿಲ್ಲಿಸಬೇಕು. ಇಷ್ಟನ್ನು ಇಬ್ಬರೂ ಮೊದಲೇ ಮಾತನಾಡಿಕೊಂಡಿದ್ದರೆ ಅರ್ಧ ಭಯ ಹೋಗುವುದು. ಸಂಬಂಧ ಪುನರಾರಂಭವಾದ ಮೊದಲ ದಿನದಿಂದಲೇ ನಿರೋಧ್ ಬಳಸುವುದು ಕ್ಷೇಮ.

ಸ್ತ್ರೀಯರಲ್ಲಿ ಬಳೆಯ ಮುಂಭಾಗ ಒಡೆದಿದ್ದರೆ ಸಮಾಗಮದ ವೇಳೆ ನೋವಾಗುವುದು ಅಪರೂಪವಲ್ಲ. ಇದು ಮನಸ್ಸಿಲ್ಲದಿರುವಿಕೆಯ ನೆಪವೆಂದು ಪತಿ ತಿಳಿಯಬಾರದು. ಅಪಘಾತದಲ್ಲಿ ಯೋನಿಮಾರ್ಗಕ್ಕೆ ಗಾಯವಾಗಿ ಅದು ಯಾರ ಗಮನಕ್ಕೂ ಬಾರದೆ ಇದ್ದಿರಬಹುದು. ಸ್ತ್ರೀರೋಗ ತಜ್ಞರಿಂದ ಪರೀಕ್ಷೆಯಾಗಬೇಕು. ಕೆಮ್ಮಿದಾಗ ಮೂತ್ರ ಸೋರುವುದೂ ಕೆಲವರಲ್ಲಿ ಕಂಡುಬರುವುದು. ಅದಕ್ಕೆ ವಸ್ತಿಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮಗಳಿವೆ.

ಪುರುಷರಲ್ಲಿ ಸೊಂಟದ ಮುಂಭಾಗದ ಪೆಟ್ಟಿನೊಡನೆ ಮೂತ್ರನಾಳವೂ ಹರಿದಿದ್ದರೆ, ಅಲ್ಲಿಯ ನರಗಳಿಗೂ ರಕ್ತನಾಳಗಳಿಗೂ ಹಾನಿಯಾಗಿ ಶಿಶ್ನದ ನಿಮಿರುವಿಕೆಯಲ್ಲಿ ತೊಂದರೆ ಉಂಟಾಗಬಹುದು. ಗಂಡಸುತನ ಹೋಯಿತೆಂದು ಒಳಗೊಳಗೇ ಕುಗ್ಗಿ, ಕುಡಿತಕ್ಕೆ ಬಿದ್ದ ಯುವಕರಿದ್ದಾರೆ. ಇದು ಪೆಟ್ಟಿನಿಂದಾದ ದೇಹದ ತೊಂದರೆ. ಕಾಲು ಮರಗಟ್ಟಿದಂತೆಯೇ ಇದೂ ಒಂದು. ಅನೇಕರಲ್ಲಿ ಒಂದರಿಂದ ಎರಡು ವರ್ಷಗಳೊಳಗೆ ತಾನಾಗಿ ಸುಧಾರಿಸುವುದು. ಸುಧಾರಿಸದವರಿಗೆ ಮೂತ್ರರೋಗ ತಜ್ಞರಲ್ಲಿ ಮಾತ್ರೆಗಳೂ ಇತರ ಚಿಕಿತ್ಸೆಗಳೂ ಇವೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಹೆಸರು ಬರೆಸಿಕೊಂಡ ಗುಪ್ತರೋಗದ ವೈದ್ಯರೆಂಬವರಿಗೆ ಇದರ ಗಂಧವೂ ತಿಳಿಯದು. ಮೂತ್ರದ ಧಾರೆ ದಿನೇ ದಿನೇ ಸಣ್ಣದಾಗುತ್ತಿದ್ದರೆ ಗಾಯವಾದ ಮೂತ್ರನಾಳವು ಕಿರಿದಾಗುತ್ತಿದೆಯೆಂದು ತಿಳಿದು ಬೇಗನೆ ತೋರಿಸಬೇಕು.

ಹೆರಿಗೆಯ ಪ್ರಶ್ನೆ

ಮದುವೆಯಾಗಿ ಒಂದೆರಡು ವರ್ಷವಾದ ಹೆಣ್ಣುಮಗಳ ಸೊಂಟ ಮುರಿದರೆ, "ಇನ್ನು ಇವಳಿಗೆ ಮಕ್ಕಳಾಗುವುದಿಲ್ಲ" ಎಂಬ ಮಾತು ಆಸ್ಪತ್ರೆಯ ಹೊರಗೇ ಹುಟ್ಟಿಕೊಳ್ಳುವುದು. ಆ ಮಾತನ್ನು ಹಿಡಿದು ಸೊಸೆಯನ್ನು ತವರಿಗೆ ಕಳುಹಿಸಿಬಿಟ್ಟು, ವರ್ಷ ಕಳೆದ ಮೇಲೆ ಎರಡನೆಯ ಸಂಬಂಧದ ಮಾತೆತ್ತುವ ಮನೆಗಳೂ ಉಂಟು. ಇದು ಅನ್ಯಾಯ; ವೈದ್ಯಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಆಧಾರವೂ ಇಲ್ಲ. ಗರ್ಭಕೋಶಕ್ಕೂ ಅಂಡಾಶಯಗಳಿಗೂ ಪೆಟ್ಟಾಗಿರದಿದ್ದರೆ, ಸೊಂಟದ ಮೂಳೆ ಮುರಿದುದರಿಂದ ಗರ್ಭಧಾರಣೆಯ ಶಕ್ತಿ ಕುಂದುವುದಿಲ್ಲ. ಒಳಗಿರುವ ಲೋಹದ ಪಟ್ಟಿಗಳಿಂದ ಗರ್ಭಸ್ಥ ಶಿಶುವಿಗೆ ಹಾನಿಯಿಲ್ಲ.

ಆದರೆ ಅವಸರ ಸಲ್ಲದು. ಮೂಳೆ ಪೂರ್ತಿ ಗಟ್ಟಿಯಾಗಿ, ಊರುಗೋಲಿಲ್ಲದೆ ನಡೆಯುವಂತಾಗುವವರೆಗೆ, ಅಂದರೆ ಸುಮಾರು ಒಂದು ವರ್ಷದವರೆಗೆ ಗರ್ಭಧಾರಣೆಯನ್ನು ಮುಂದೂಡುವುದು ಒಳ್ಳೆಯದು. ಗರ್ಭಿಣಿಯ ದೇಹದಲ್ಲಿ ಸೊಂಟದ ಸಂದುಗಳು ಸಡಿಲಗೊಳ್ಳುವುವು, ಭಾರವೂ ಹೆಚ್ಚುವುದು. ಹೊಸದಾಗಿ ಕೂಡಿದ ಮೂಳೆಗೆ ಅದು ಶ್ರಮ. ಈ ಅವಧಿಗೆ ನಿರೋಧ್ ಅಥವಾ, ತೊಡೆಗಳನ್ನು ನೋವಿಲ್ಲದೆ ಅಗಲಿಸಲು ಸಾಧ್ಯವಾದ ಮೇಲೆ, ವಂಕಿ ತಕ್ಕ ವಿಧಾನ. ಸಾಕಷ್ಟು ಮಕ್ಕಳಿರುವ ದಂಪತಿಗಳಲ್ಲಿ ಪತ್ನಿಗೆ ಪೆಟ್ಟಾಗಿದ್ದರೆ, ಅವಳನ್ನು ಇನ್ನೊಂದು ಶಸ್ತ್ರಚಿಕಿತ್ಸೆಗೆ ಒಡ್ಡುವುದಕ್ಕಿಂತ ಪತಿಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಉಚಿತ. ಗಾಯ ಅತಿ ಸಣ್ಣದು; ಅದೇ ದಿನ ಮನೆಗೆ ಹಿಂದಿರುಗಬಹುದು. ಆದರೆ ಮೂರು ತಿಂಗಳು ನಿರೋಧ್ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಸೊಂಟ ಮುರಿದವರಿಗೆಲ್ಲ ಸಿಸೇರಿಯನ್ ಹೆರಿಗೆಯೇ ಆಗಬೇಕೆಂಬುದು ಮತ್ತೊಂದು ತಪ್ಪು ಗ್ರಹಿಕೆ. ಸಾಮಾನ್ಯ ರೀತಿಯಲ್ಲಿ ಹೆತ್ತ ತಾಯಂದಿರು ಅನೇಕರು. ಮೂಳೆಗೆ ಲೋಹದ ಪಟ್ಟಿ ಹಾಕಿಸಿಕೊಂಡವರೂ ಅವರಲ್ಲಿದ್ದಾರೆ. ಹಾದಿಯ ಆಕಾರ ಬದಲಾಗಿದ್ದರೆ, ಮೂಳೆ ಸೊಟ್ಟಗೆ ಕೂಡಿ ಒಳಗೆ ಚಾಚಿಕೊಂಡಿದ್ದರೆ, ಆಗ ಶಸ್ತ್ರಚಿಕಿತ್ಸೆ ಬೇಕಾಗುವುದು. ಈ ತೀರ್ಮಾನವನ್ನು ನೋವು ಆರಂಭವಾದ ರಾತ್ರಿ ಮಾಡಲು ಬರುವುದಿಲ್ಲ. ಆದುದರಿಂದ ಗರ್ಭಿಣಿಯಾದ 12 ವಾರಗಳೊಳಗೆ ಹೆಸರು ನೋಂದಾಯಿಸುವಾಗಲೇ ಕಿರಿಯ ಆರೋಗ್ಯ ಸಹಾಯಕಿಗೆ ಹಳೆಯ ಮುರಿತದ ವಿಷಯ ತಿಳಿಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ. ಹಳೆಯ ಕ್ಷ-ಕಿರಣ ಚಿತ್ರಗಳನ್ನೂ ಬಿಡುಗಡೆ ಪತ್ರವನ್ನೂ ಪ್ರಸೂತಿ ತಜ್ಞರಿಗೆ ತೋರಿಸಿರಿ. ಹೆರಿಗೆಯು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಆಗಲಿ. ಹೆರಿಗೆಯ ಮೇಜಿನ ಮೇಲೆ ಕಾಲುಗಳನ್ನು ಎಷ್ಟು ಅಗಲಿಸಿದರೆ ನೋವಾಗುವುದೆಂಬುದನ್ನು ದಾದಿಯರಿಗೆ ಮೊದಲೇ ಹೇಳಿರಿ. ಮಗ್ಗುಲಾಗಿ ಮಲಗಿ ಹೆರುವುದೂ ಸಾಧ್ಯ.

ವರ್ಷಗಳು ಕಳೆದಂತೆ

ನಡಿಗೆಯ ಸುಧಾರಣೆ ಮೊದಲ ಆರು ತಿಂಗಳಲ್ಲಿ ಬೇಗ ಬೇಗನೆ ಆಗಿ, ಬಳಿಕ ನಿಧಾನವಾಗುವುದು. ಈ ನಿಧಾನದ ಕಾಲದಲ್ಲಿಯೇ ಜನ ವ್ಯಾಯಾಮವನ್ನು ಬಿಟ್ಟುಬಿಡುವರು. ಸೊಂಟದ ಪಕ್ಕದ ಸ್ನಾಯುಗಳು ಬಲಗೊಳ್ಳದಿದ್ದರೆ ಕುಂಟು ಉಳಿದುಹೋಗುವುದು. ಕುಂಟಿನಿಂದ ಬೆನ್ನುನೋವು, ಅದರಿಂದ ನಡಿಗೆ ಕಡಿಮೆಯಾಗುವುದು, ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುವುವು. ಒಂದು ಕಾಲು ತುಸು ಗಿಡ್ಡವಾಗಿದ್ದರೆ ಚಪ್ಪಲಿಯ ಅಟ್ಟೆಯನ್ನು ಎತ್ತರಿಸಿ ಹೊಲಿಸಿಕೊಂಡರೆ ಸಾಕಾಗಬಹುದು. ಪಾದವು ಜೋತುಬಿದ್ದಿದ್ದರೆ ಅದು ನರದ ಪೆಟ್ಟು. ನರ ಚೇತರಿಸಿಕೊಳ್ಳಲು ಒಂದೂವರೆ ಎರಡು ವರ್ಷ ಹಿಡಿಯಬಹುದಾದ್ದರಿಂದ ಅಷ್ಟರವರೆಗೆ ಪಾದ ಸೆಟೆಯದಂತೆ ಆಧಾರಪಟ್ಟಿ ಧರಿಸಬೇಕು.

ಕೀಲಿನ ಕುಳಿ ಮುರಿದಿದ್ದವರೂ ತೊಡೆಮೂಳೆಯ ಕತ್ತು ಮುರಿದಿದ್ದವರೂ, ಎಲ್ಲವೂ ಸರಿಹೋಯಿತೆಂದುಕೊಂಡ ಮೇಲೆಯೂ ಎರಡು ಮೂರು ವರ್ಷ ಕಾಲಕಾಲಕ್ಕೆ ಪರೀಕ್ಷೆಗೆ ಹೋಗಬೇಕು. ತೊಡೆಮೂಳೆಯ ಗುಂಡಿಗೆ ರಕ್ತ ಒದಗಿಸುವ ಸಣ್ಣ ನಾಳಗಳು ಪೆಟ್ಟಿನಲ್ಲಿ ಹರಿದಿದ್ದರೆ ಆ ಗುಂಡು ನಿಧಾನವಾಗಿ ಜೀವ ಕಳೆದುಕೊಂಡು ಕುಸಿಯುವುದು. ಮೊದಲ ಸೂಚನೆಯೆಂದರೆ ತೊಡೆಯ ಸಂದಿಯಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ನೋವು. ಕುಳಿಯ ಮುರಿತವನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದವರಲ್ಲಿಯೂ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಕೀಲು ಸವೆಯುವುದೆಂದು ವೈದ್ಯಲೋಕದ ಅನುಭವ. ಆಗ ಕೃತಕ ಕೀಲು ಹಾಕುವ ಶಸ್ತ್ರಚಿಕಿತ್ಸೆಯಿದೆ. ಅದರ ನಂತರ ಚಕ್ಕಳಮಕ್ಕಳ ಹಾಕುವುದನ್ನೂ ಕುಕ್ಕರಿಸುವುದನ್ನೂ ವೈದ್ಯರು ಹೇಳುವವರೆಗೆ ಬಿಡಬೇಕಾಗುವುದರಿಂದ, ಮನೆಯಲ್ಲಿ ಎತ್ತರದ ಮಂಚ, ಕುರ್ಚಿ, ಅಡುಗೆ ಕಟ್ಟೆಗಳ ಏರ್ಪಾಡನ್ನು ಮುಂಚೆಯೇ ಮಾಡಿಕೊಳ್ಳಿರಿ.

ಮನೆಯ ವೃದ್ಧರ ವಿಷಯ ಇದಕ್ಕೆ ವ್ಯತಿರಿಕ್ತ. ಜಾರಿಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡ ಅತ್ತೆಯನ್ನೋ ಮಾವನನ್ನೋ, "ವಯಸ್ಸಾಯಿತು, ಇನ್ನೇನು" ಎಂದು ಮೂಲೆಯಲ್ಲಿ ಮಲಗಿಸಬಾರದು. ಸಾಧ್ಯವಾದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಿ, ಮರುದಿನವೇ ಎದ್ದು ನಿಲ್ಲುವಂತೆ ಮಾಡುವುದು ಇವರಿಗೆ ಚಿಕಿತ್ಸೆಯ ಗುರಿ. ಇವರು ಸಾಯುವುದು ಮುರಿತದಿಂದಲ್ಲ, ಮಲಗಿದುದರಿಂದ.

ಮನಸ್ಸಿನ ಮಾತನ್ನೂ ಹೇಳಬೇಕು. ದುಡಿದು ತರುತ್ತಿದ್ದವನು ಗೋಡೆಗೆ ಮುಖ ಮಾಡಿ ಮಲಗಿರುವುದು, ನಿದ್ರೆ ಬಾರದಿರುವುದು, ಲಾರಿಯ ಶಬ್ದ ಕೇಳಿದರೆ ಬೆಚ್ಚುವುದು, ತಾನು ಸಂಸಾರಕ್ಕೆ ಹೊರೆಯಾದೆನೆನ್ನುವುದು ಇವು ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ಚಿಕಿತ್ಸೆ ಬೇಕಾದ ಕಾಯಿಲೆಯ ಲಕ್ಷಣಗಳು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತಿಳಿಸಿರಿ. 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಗೆ ಖರ್ಚಿಲ್ಲದೆ ಕರೆಮಾಡಿ ಮಾತನಾಡಬಹುದು. ಸೇವೆ ಮಾಡುವವರೂ ದಣಿಯುವರು. ಗಂಡ ಮಲಗಿದರೆ ಹೆಂಡತಿ ಹೊಲ, ಮನೆ, ಆಸ್ಪತ್ರೆ ಮೂರನ್ನೂ ಹೊರುವಳು. ಹೆಂಡತಿ ಮಲಗಿದರೆ ಅವಳ ತಾಯಿ ಬರಬೇಕೆಂದು ಗಂಡ ನಿರೀಕ್ಷಿಸುವನು. ಮುದ್ದೆ ತೊಳಸಲು ಕಲಿತ ಗಂಡಸಿಗೆ ಯಾವ ಕುಂದೂ ಬರುವುದಿಲ್ಲ.

ದುಡಿಮೆ ಮತ್ತು ನೆರವು

ಹಳೆಯ ಕೆಲಸಕ್ಕೆ ಎಲ್ಲರೂ ಹಿಂದಿರುಗಲಾರರು. ಮೂಟೆ ಹೊರುವುದು, ಸಾರುವೆ ಏರುವುದು ಕೆಲವರಿಗೆ ಮುಂದೆ ಆಗದು. ಬೆಂಗಳೂರಿನ ಪೂರ್ವಭಾಗದ ಲಿಂಗರಾಜಪುರದಲ್ಲಿ ಅಂಗವಿಕಲರ ಸಂಸ್ಥೆಯೊಂದಿದೆ, ಸಾಮಾನ್ಯವಾಗಿ ಎ.ಪಿ.ಡಿ. ಎಂದೇ ಜನ ಕರೆಯುವರು. ಸ್ವತಃ ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಅಂಗವಿಕಲರಿಗೆ ಸಾಧನಗಳು, ಪುನರ್ವಸತಿ ಹಾಗೂ ವೃತ್ತಿಶಿಕ್ಷಣದಲ್ಲಿ ನೆರವು ನೀಡುತ್ತಾ ಬಂದಿದೆ. ತೋಟಗಾರಿಕೆಯಲ್ಲಿ ತರಬೇತಿ ಕೊಡುವುದು ಅದರ ಕೆಲಸಗಳಲ್ಲೊಂದು. ಬೇಸಾಯ ಬಲ್ಲವನಿಗೆ ಸಸಿಮಡಿ ನೋಡಿಕೊಳ್ಳುವ ಕೆಲಸ ಹೊಸದೇನಲ್ಲ. ಎತ್ತರದ ಕಟ್ಟೆಯ ಮೇಲೆ ಕುಂಡಗಳನ್ನಿಟ್ಟು, ಸ್ಟೂಲಿನ ಮೇಲೆ ಕುಳಿತೇ ಮಾಡಬಹುದು.

ಆಸ್ಪತ್ರೆಗೆ ಹೋಗಿಬರುವ ದಾರಿಯೂ ಈಗ ಸ್ವಲ್ಪ ಸುಗಮವಾಗಿದೆ. 2023ರಿಂದ ಕೃಷ್ಣರಾಜಪುರದಲ್ಲಿ ಮೆಟ್ರೋ ರೈಲು ಹತ್ತಬಹುದು. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಬಸ್ಸಿನಂತೆ ಎತ್ತರದ ಮೆಟ್ಟಿಲಿಲ್ಲ. ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣದಲ್ಲಿ ಇಳಿದು ಆಟೋದಲ್ಲಿ ಬೌರಿಂಗ್ ಆಸ್ಪತ್ರೆಗೆ ಹೋದರೆ, ಊರುಗೋಲಿನವರು ಶಿವಾಜಿನಗರದ ಬಸ್ ನಿಲ್ದಾಣದ ನೂಕುನುಗ್ಗಲನ್ನು ತಪ್ಪಿಸಿಕೊಳ್ಳಬಹುದು.

ಖರ್ಚಿನ ವಿಷಯವಾಗಿ: 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 7 ದಿನಗಳಲ್ಲಿ 1.5 ಲಕ್ಷ ರೂಪಾಯಿಗಳವರೆಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದಿತು. ಗುದ್ದಿದ ವಾಹನ ಪತ್ತೆಯಾಗದಿದ್ದರೆ, 2022ರ ನಿಯಮದಂತೆ ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರವಿದೆ. ವಾಹನ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಸಲ್ಲಿಸುವುದು ಕ್ಷೇಮ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಡಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೂ ಅಂಗವಿಕಲರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಉಚಿತ ನೆರವು ದೊರೆಯುವುದು. ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಪ್ರಮಾಣವೊಂದೇ ಸಾಲದು, ಅದರಿಂದ ಗಾಯಗೊಂಡವನ ದುಡಿಯುವ ಶಕ್ತಿ ಎಷ್ಟು ಕುಂದಿತೆಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ. ಆದಕಾರಣ ಅಪಘಾತಕ್ಕೆ ಮುಂಚೆ ಯಾವ ಯಾವ ಕೆಲಸ ಮಾಡುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಗೃಹಿಣಿಯರೂ ಹೀಗೆಯೇ ಬರೆಯಬೇಕು, ಮನೆಗೆಲಸವೂ ದುಡಿಮೆಯೇ.

ಅಂಗವೈಕಲ್ಯವು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ದೊರೆತರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಸೌಲಭ್ಯಗಳಿಗೆ ಅರ್ಹತೆ ಬರುವುದು. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗಲೂ, ಪ್ರತಿ ಬಾರಿ ಪರೀಕ್ಷೆಗೆ ಹೋಗುವಾಗಲೂ ಬಿಡುಗಡೆ ಪತ್ರ, ಮೊದಲ ದಿನದ ಹಾಗೂ ಇತ್ತೀಚಿನ ಕ್ಷ-ಕಿರಣ ಚಿತ್ರಗಳು, ಪೊಲೀಸ್ ಪ್ರಥಮ ವರ್ತಮಾನ ವರದಿಯ ಪ್ರತಿ ಇವುಗಳನ್ನು ಒಂದೇ ಚೀಲದಲ್ಲಿ ಕೊಂಡೊಯ್ಯಿರಿ. ಕ್ಷ-ಕಿರಣ ಚಿತ್ರಗಳನ್ನು ಮಡಿಸಬಾರದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಒಲೆಯ ಬಿಸಿ ತಾಗದ ಕಡೆ ಇರಿಸಿರಿ.